ರಂಜಾನ್‌ಗೆ ಇನ್ನೆಷ್ಟು ದಿನ?

ಪ್ರಶ್ನೆ: ರಂಜಾನ್‌ಗೆ ಉಳಿದ ದಿನಗಳನ್ನು ಎಣಿಸುವ ಎರಡು ಆ್ಯಪ್‌ಗಳಲ್ಲಿ ಒಂದು ದಿನದ ವ್ಯತ್ಯಾಸ ಬರುತ್ತಿದೆ. ಯಾವುದು ಸರಿ?

ಉತ್ತರ: ರಂಜಾನ್‌ಗಿಂತ ಹಿಂದಿನ ತಿಂಗಳಾದ ಶಾಬಾನ್‌ನ 29ರ ಸಂಜೆಯವರೆಗೆ ಎರಡನ್ನೂ ಅಂದಾಜೆಂದೇ ತಿಳಿಯಿರಿ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29.53 ದಿನ, ಹಾಗಾಗಿ ಹಿಜರಿ (ಇಸ್ಲಾಮಿಕ್ ಚಾಂದ್ರಮಾನ) ತಿಂಗಳಿಗೆ 29 ಇಲ್ಲವೇ 30 ದಿನ. ಅಂದು ಚಂದ್ರದರ್ಶನವಾದರೆ ಆ ರಾತ್ರಿಯೇ ತರಾವೀಹ್ (ರಂಜಾನ್‌ನ ವಿಶೇಷ ರಾತ್ರಿ ನಮಾಜ್), ಮರುದಿನ ಮೊದಲ ಉಪವಾಸ. ಆಗದಿದ್ದರೆ ಶಾಬಾನ್‌ಗೆ 30 ದಿನ ತುಂಬಿಸಬೇಕು.

ಹಲವು ಆ್ಯಪ್‌ಗಳು ಬಳಸುವುದು ಸೌದಿಯ ಉಮ್ಮುಲ್ ಕುರಾ ಪಂಚಾಂಗವನ್ನು. ಮಕ್ಕಾದಲ್ಲಿ ಸೂರ್ಯಾಸ್ತಕ್ಕೆ ಮೊದಲು ಅಮಾವಾಸ್ಯೆ ಮುಗಿದು, ಸೂರ್ಯನ ನಂತರ ಚಂದ್ರ ಮುಳುಗಿದರೆ ಹೊಸ ತಿಂಗಳು ಶುರುವೆನ್ನಲು ಅದಕ್ಕೆ ಸಾಕು. ಆದರೆ ಚಂದ್ರ ಸೂರ್ಯನಿಂದ ಸುಮಾರು 7 ಡಿಗ್ರಿಯಾದರೂ ದೂರ ಸರಿಯದೆ ಬರಿಗಣ್ಣಿಗೆ ಬೀಳುವುದಿಲ್ಲ. ವ್ಯತ್ಯಾಸ ಹುಟ್ಟುವುದೇ ಇಲ್ಲಿ. ಆ್ಯಪ್‌ನಲ್ಲಿ ಹಿಜರಿ ದಿನಾಂಕವನ್ನು ಒಂದು ದಿನ ಹಿಂದೆ ಮುಂದೆ ಮಾಡುವ ಆಯ್ಕೆಯಿದ್ದರೆ ನಿಮ್ಮ ಮಸೀದಿಯ ಘೋಷಣೆಗೆ ಹೊಂದಿಸಿಕೊಳ್ಳಿ.

ನೀವೇ ನೋಡುವುದಾದರೆ ಸೂರ್ಯ ಪೂರ್ತಿ ಮುಳುಗಿದ ಮೇಲೆ, ಮುಳುಗಿದ ಜಾಗದ ಆಸುಪಾಸಿನಲ್ಲೇ ಹುಡುಕಿ. ಉಗುರಿನ ಅಂಚಿನಷ್ಟು ತೆಳು ಗೆರೆ, ತುದಿಗಳು ಸೂರ್ಯನಿಗೆ ವಿಮುಖ. ಸೂರ್ಯ ಇರುವಾಗ ಬೈನಾಕ್ಯುಲರ್ ಎತ್ತಲೇಬೇಡಿ, ಕಣ್ಣು ಹೋದೀತು.

ಪ್ರಶ್ನೆ: ಕಳೆದ ವರ್ಷದ ತಾರೀಕಿನಿಂದ ಎಣಿಸಬಹುದೇ?

ಉತ್ತರ: ಬೇಡ. ಹಿಜರಿ ವರ್ಷಕ್ಕೆ 354 ಅಥವಾ 355 ದಿನ. ರಂಜಾನ್ ಪ್ರತಿ ವರ್ಷ 10–12 ದಿನ ಮೊದಲೇ ಬರುತ್ತದೆ. 2030ರಲ್ಲಂತೂ ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಗೊಮ್ಮೆ ಶುರುವಾಗಲಿದೆ. ಹಿಂದಿನ ವರ್ಷ ತಪ್ಪಿದ ಉಪವಾಸಗಳಿದ್ದರೆ ಶಾಬಾನ್ ಮುಗಿಯುವುದರೊಳಗೆ ತೀರಿಸಿ. 30ನೆಯ ದಿನ ಸಿಗುತ್ತದೆಂದು ಕಾಯಬೇಡಿ.