ನೀರು ನೋಡಿ ಜಿಗ್ ಆರಿಸಿ: ಗಾಳದವರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬಣ್ಣದ ಬಗ್ಗೆಯೇ ಇವೆ. ಹೊಸಬರಿಗಾಗಿ ಒಂದು ಮಾತು: ಗಾಳದ ಕುತ್ತಿಗೆಗೆ ಸೀಸದ ಗುಂಡು ಎರಕ ಹೊಯ್ದು, ಹಿಂದೆ ಪುಕ್ಕವನ್ನೋ ಮೆತ್ತನೆಯ ರಬ್ಬರ್ ಬಾಲವನ್ನೋ ಕಟ್ಟಿದ ಕೃತಕ ಎರೆಗೆ ಜಿಗ್ ಎನ್ನುತ್ತಾರೆ.

ಪ್ರಶ್ನೆ: ಜನವರಿಯಲ್ಲಿ ಅಮೆರಿಕದ ಆರೆಗಾನ್‌ನಲ್ಲಿರುವ ಮಗನ ಮನೆಗೆ ಹೊರಟಿದ್ದೇನೆ. ಅಲ್ಲಿ ಸ್ಟೀಲ್‌ಹೆಡ್ ಮೀನಿಗೆ ಬೆಂಡು ಕಟ್ಟಿ ಜಿಗ್ ಬಿಡುತ್ತಾರಂತೆ. ಅಂಗಡಿಯಲ್ಲಿ ಗೋಡೆ ತುಂಬ ಬಣ್ಣಬಣ್ಣದ ಜಿಗ್ ತೂಗಿರುವ ಫೋಟೊ ಕಳಿಸಿದ್ದಾನೆ. ಯಾವ ನೀರಿಗೆ ಯಾವುದು ಬೇಕು? (ಟಿಳಕವಾಡಿ, ಬೆಳಗಾವಿ)

ಉತ್ತರ: ಸ್ಟೀಲ್‌ಹೆಡ್ ಅಂದರೆ ರೇನ್‌ಬೋ ಟ್ರೌಟ್ ಮೀನೇ. ಹೊಳೆಯಲ್ಲಿ ಹುಟ್ಟಿ, ಸಮುದ್ರಕ್ಕಿಳಿದು ಬೆಳೆದು, ಮೊಟ್ಟೆಯಿಡಲು ಮತ್ತೆ ಹೊಳೆ ಏರಿ ಬರುತ್ತದೆ. ನೀವು ಹೋಗುವುದು ಚಳಿಗಾಲದ ಮೀನು ಏರುವ ಕಾಲಕ್ಕೆ. ಆಗ ಅಲ್ಲಿ ಮಳೆಯೂ ಜೋರು. ಒಂದೇ ಹೊಳೆ ಸೋಮವಾರ ಕಂದು, ಬುಧವಾರ ಹಸಿರು, ಮುಂದಿನ ವಾರ ಗಾಜಿನಂತೆ ತಿಳಿ ಆಗಬಹುದು. ಹಾಗಾಗಿ ಅಂಗಡಿಯಲ್ಲಿ ನಿಂತು ಬಣ್ಣ ಆರಿಸುವುದಕ್ಕಿಂತ ದಂಡೆಯಲ್ಲಿ ನಿಂತು ಆರಿಸುವುದು ಮೇಲು. ನಾಲ್ಕೈದು ಬಣ್ಣ ಇದ್ದರೆ ಸಾಕು.

ಮೊದಲು ನೀರಿನ ತಿಳಿ ಅಳೆಯಿರಿ. ಬಿಳಿ ಜಿಗ್ ಒಂದನ್ನು ಕೋಲಿನ ತುದಿಯಿಂದ ನೇರ ಕೆಳಗೆ ಬಿಡುತ್ತ ಹೋಗಿ. ಅದು ಕಣ್ಮರೆಯಾದಾಗ ನೀರಿನ ಮಟ್ಟದಲ್ಲಿ ದಾರ ಹಿಡಿದು, ಮೇಲೆತ್ತಿ ಉದ್ದ ನೋಡಿ.

ಸುಮಾರು ಎರಡು ಮೀಟರ್‌ಗಿಂತ ಆಳಕ್ಕೆ ಕಂಡರೆ ನೀರು ತಿಳಿ. ಇಂಥ ನೀರಲ್ಲಿ ಮೀನು ದೂರದಿಂದಲೇ ಜಿಗ್ ನೋಡುತ್ತದೆ, ಸಂಶಯಪಡಲು ಅದಕ್ಕೆ ಬೇಕಾದಷ್ಟು ಹೊತ್ತು ಸಿಗುತ್ತದೆ. 1/16 ಔನ್ಸ್, ಅಂದರೆ 1.8 ಗ್ರಾಂ ತೂಕದ ಸಣ್ಣ ಜಿಗ್ ಕಟ್ಟಿ. ಕಪ್ಪು, ಕಂದು, ಆಲಿವ್ ಹಸಿರು, ಇಲ್ಲವೇ ತೀರ ತೆಳು ಗುಲಾಬಿ ಇರಲಿ. ಕೊನೆಯ ತುಂಡು ದಾರ 6ರಿಂದ 8 ಪೌಂಡ್ ಎಳೆತ ತಾಳುವ, ನೀರಲ್ಲಿ ಅಷ್ಟಾಗಿ ಕಾಣದ ಫ್ಲೂರೋಕಾರ್ಬನ್ ಆಗಿರಲಿ. ಹೊಳೆಯುವ ಕಿತ್ತಳೆ ಜಿಗ್ ಇಲ್ಲಿ ಮೀನನ್ನು ಬೆದರಿಸುವುದೇ ಹೆಚ್ಚು.

ಒಂದರಿಂದ ಎರಡು ಮೀಟರ್ ಕಾಣುವ ಹಸಿರು ನೀರನ್ನು ಅಲ್ಲಿಯವರು ಕಾಯುತ್ತಿರುತ್ತಾರೆ. ಮಳೆ ನಿಂತು ಹೊಳೆ ಇಳಿಯುವಾಗ ಬರುವ ನೀರು ಅದು. ಮೀನಿಗೆ ಮರೆ ಇರುತ್ತದೆ, ಜಿಗ್ಗೂ ಕಾಣುತ್ತದೆ. 1/8 ಔನ್ಸ್, ಅಂದರೆ 3.5 ಗ್ರಾಂ ಜಿಗ್ ಸರಿಹೋಗುತ್ತದೆ. ಗುಲಾಬಿ, ಗಾಢ ಚೆರ್ರಿ ಗುಲಾಬಿ, ಗುಲಾಬಿ ತಲೆಗೆ ಬಿಳಿ ಬಾಲ: ಈ ಮೂರರಲ್ಲಿ ಒಂದರಿಂದ ಶುರುಮಾಡಿ. ಸಾಲ್ಮನ್ ಮತ್ತು ಟ್ರೌಟ್‌ಗಳ ಮೊಟ್ಟೆ ಗುಲಾಬಿ, ಕಿತ್ತಳೆ ಬಣ್ಣದ್ದು, ಹೊಳೆಯಲ್ಲಿ ತೇಲಿ ಬರುವ ಅವನ್ನು ಈ ಮೀನು ತಿನ್ನುತ್ತದೆ. ಹಣ ಒಂದೇ ಬಣ್ಣಕ್ಕೆ ಹಾಕುವುದಾದರೆ ಗುಲಾಬಿ-ಬಿಳಿಗೇ ಹಾಕಿ ಎಂಬುದು ನಮ್ಮ ಸಲಹೆ.

ಮೊಣಕಾಲುದ್ದದಿಂದ ಸೊಂಟದವರೆಗೆ ಕಾಣುವ ಕಲಕು ನೀರಿಗೆ ಗಾತ್ರ ಹೆಚ್ಚಿಸಿ. 1/4 ಔನ್ಸ್, ಸುಮಾರು 7 ಗ್ರಾಂ, ಪುಕ್ಕ ದಟ್ಟವಾಗಿರಲಿ. ಫ್ಲೋರೊಸೆಂಟ್ ಕಿತ್ತಳೆ, ಹಳದಿ-ಹಸಿರು ಮಿಶ್ರ ಶಾರ್ಟ್ರೂಸ್, ಜೊತೆಗೆ ಕಪ್ಪು ಬಾಲ. ಒಂದು ಹೊಳೆಯುವ ಬಣ್ಣದ ಪಕ್ಕದಲ್ಲಿ ಒಂದು ಕಡುಬಣ್ಣ ಇದ್ದಾಗ ರಾಡಿಯಲ್ಲೂ ಆಕಾರ ಎದ್ದು ಕಾಣುತ್ತದೆ. ಒಂದು ಅಡಿಯೂ ಕಾಣದಿದ್ದರೆ ಹೊಳೆಯ ನಡುವನ್ನು ಬಿಟ್ಟು, ದಂಡೆಯಿಂದ ಎರಡು ಮೀಟರ್ ಒಳಗಿನ ನಿಧಾನ ನೀರಿನಲ್ಲಷ್ಟೇ ಬಿಡಿ. ಅಂಥ ದಿನ ಮೀನು ಸೆಳವು ತಪ್ಪಿಸಿಕೊಂಡು ಅಂಚಿಗೆ ಸರಿದಿರುತ್ತದೆ.

ಬೆಳಕೂ ಲೆಕ್ಕಕ್ಕೆ ಬರುತ್ತದೆ. ನಸುಕಿನಲ್ಲಿ, ಮೋಡ ಕವಿದಾಗ ಕಪ್ಪು ಅಥವಾ ಕಪ್ಪು-ನೇರಳೆ ಒಳ್ಳೆಯದು. ತಳದಲ್ಲಿರುವ ಮೀನು ಮೇಲೆ ನೋಡಿದಾಗ ಬೂದು ಆಕಾಶದ ಎದುರು ಅದರ ನೆರಳು ಸ್ಪಷ್ಟ.

ಆದರೆ ಬಣ್ಣದ ತಪ್ಪಿಗಿಂತ ಆಳದ ತಪ್ಪಿನಿಂದ ಮೀನು ತಪ್ಪುವುದು ಹೆಚ್ಚು. ಜಿಗ್ ತಳದಿಂದ 30–45 ಸೆಂ.ಮೀ. ಮೇಲೆ ಸಾಗಬೇಕು. ನೀರು 5 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದಾಗ ಮೀನು ಜಾಗ ಬಿಟ್ಟು ಏಳುವುದೇ ಕಷ್ಟ, ಅದರ ಮೂತಿಯ ಮುಂದೆಯೇ ಹಾಯಬೇಕು. ಬೆಂಡಿನ ತಲೆ ನೀರು ಹರಿಯುವ ಕಡೆಗೆ ವಾಲಿದ್ದರೆ ಜಿಗ್ ತಳ ಕೆರೆಯುತ್ತಿದೆ, ಅರ್ಧ ಅಡಿ ಮೇಲೆತ್ತಿ. ತಲೆ ಸೆಳವಿನ ಎದುರು ವಾಲಿದ್ದರೆ ನೀವೇ ದಾರ ಹಿಡಿದೆಳೆಯುತ್ತಿದ್ದೀರಿ, ಸಡಿಲಿಸಿ.

ಇನ್ನೊಂದನ್ನು ಹತ್ತಿರದಿಂದ ನೋಡಬೇಕು. ಜಿಗ್ ನೀರಲ್ಲಿ ಅಡ್ಡಡ್ಡ ತೂಗಬೇಕು. ಅದಕ್ಕೆ ಗಂಟು ಗಾಳದ ಕಿವಿಯ, ಅಂದರೆ ದಾರ ಕಟ್ಟುವ ಉಂಗುರದ, ನೆತ್ತಿಯಲ್ಲಿ ಕೂತಿರಬೇಕು. ಮೀನು ಎಳೆದಾಗ, ಕಲ್ಲಿಗೆ ಸಿಕ್ಕಿ ಬಿಡಿಸಿದಾಗ ಗಂಟು ಜಾರಿ ಮುಂದಕ್ಕೆ ಬರುತ್ತದೆ, ಆಗ ಜಿಗ್ ಬಾಲ ಕೆಳಗೆ ಮಾಡಿ ಜೋತುಬೀಳುತ್ತದೆ. ಪ್ರತಿ ಸಲ ಉಗುರಿನಿಂದ ಗಂಟನ್ನು ಹಿಂದಕ್ಕೆ ತಳ್ಳಿ. ಒಂದೇ ಜಾಗದಲ್ಲಿ ಹತ್ತು ಹನ್ನೆರಡು ಸಲ ಹಾಯಿಸಿದರೂ ಮುಟ್ಟದಿದ್ದರೆ ಮೊದಲು ಆಳ ಬದಲಿಸಿ, ಆಮೇಲೆ ಬಣ್ಣ, ಕೊನೆಗೆ ಗಾತ್ರ. ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಫಲ ಸಿಕ್ಕಿತೆಂದು ಎಂದಿಗೂ ತಿಳಿಯುವುದಿಲ್ಲ.

ಪರವಾನಗಿ ಮಗನ ಕೈಲಿ ಮೊದಲೇ ಮಾಡಿಸಿಡಿ. ಮೀನುಮರಿ ಕೇಂದ್ರದಲ್ಲಿ ಸಾಕಿ ಬಿಟ್ಟ ಮೀನಿಗೆ ಬಾಲದ ಹತ್ತಿರ ಬೆನ್ನ ಮೇಲಿನ ಪುಟ್ಟ ಕೊಬ್ಬಿನ ರೆಕ್ಕೆ ಕತ್ತರಿಸಿರುತ್ತಾರೆ. ಆ ರೆಕ್ಕೆ ಇದ್ದರೆ ಅದು ಹೊಳೆಯಲ್ಲೇ ಹುಟ್ಟಿದ್ದು, ಬಹುತೇಕ ಹೊಳೆಗಳಲ್ಲಿ ಅದನ್ನು ಬಿಡಲೇಬೇಕು. ನೀರಿನಿಂದ ಮೇಲೆತ್ತದೆ, ಒದ್ದೆ ಕೈಯಲ್ಲಿ ಹಿಡಿದು ಗಾಳ ಬಿಡಿಸಿ. ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿಟ್ಟಿದ್ದರೆ ಈ ಕೆಲಸ ಸುಲಭ.

ಪ್ರಶ್ನೆ: ಹೊಳಿಗೆ ಹೊಸ ನೀರು ಬಂದ ಮ್ಯಾಲೆ ಯಾವ ಬಣ್ಣ ಹಾಕಿದ್ರೂ ಮೀನು ಮುಟ್ಟಂಗಿಲ್ರಿ. ಹಳದಿ, ಕೆಂಪು, ಬೆಳ್ಳಿ ಎಲ್ಲಾ ನೋಡಿದ್ವಿ. ಏನ್ ಮಾಡೂದು? (ಜಮಖಂಡಿ)

ಉತ್ತರ: ಜುಲೈ–ಆಗಸ್ಟ್‌ನ ಕೃಷ್ಣೆಯಲ್ಲಿ ಗೇಣುದ್ದವೂ ಕಾಣುವುದಿಲ್ಲ. ಬೆಳ್ಳಿ ಮಿಂಚಬೇಕಾದರೆ ಬೆಳಕು ಬೇಕು, ಮಣ್ಣು ತುಂಬಿದ ನೀರಲ್ಲಿ ಅದು ಬರಿ ಬೂದು. ನೇರಳೆ, ನೀಲಿ ಬಣ್ಣಗಳ ಬೆಳಕು ಇಂಥ ನೀರಲ್ಲಿ ಮೊದಲೇ ಸಾಯುತ್ತದೆ. ಹಾಗಾಗಿ ದಪ್ಪ ಕಪ್ಪು ಜಿಗ್ ಹಾಕಿ, ಅದರ ಮುಂದೆ ತಾಮ್ರದ ಬಣ್ಣದ ತಿರುಗುವ ತಗಡು ಕಟ್ಟಿ. ಬಾಳೆ ಮೀನಿಗೆ ಉದ್ದ ಮೀಸೆ ಇದೆ, ನೀರಿನ ನಡುಕ ಗ್ರಹಿಸುವ ಪಕ್ಕದ ಗೆರೆಯೂ ಇದೆ. ಕಣ್ಣಿಗೆ ಕಾಣದ್ದನ್ನು ಅದು ಮೈಯಿಂದ ತಿಳಿಯುತ್ತದೆ. ಎಳೆಯುವ ವೇಗ ಅರ್ಧಕ್ಕೆ ಇಳಿಸಿ, ನಡುನಡುವೆ ನಿಲ್ಲಿಸಬೇಡಿ. ನಿಂತರೆ ತಗಡು ತಿರುಗುವುದಿಲ್ಲ, ಮೀನು ಅದರ ಜಾಡು ಕಳೆದುಕೊಳ್ಳುತ್ತದೆ.

ಜಾಗ ಇನ್ನೂ ಮುಖ್ಯ. ಹಳ್ಳದ ಕಡಿಮೆ ರಾಡಿಯ ನೀರು ಹೊಳೆಗೆ ಸೇರುವಲ್ಲಿ ಎರಡು ಬಣ್ಣದ ನೀರು ಸ್ವಲ್ಪ ದೂರ ಅಕ್ಕಪಕ್ಕ ಹರಿಯುತ್ತದೆ. ಆ ಗೆರೆಯ ತಿಳಿ ಬದಿಯಲ್ಲಿ ಜಿಗ್ ಹಾಯಿಸಿ. ಚಿಕ್ಕಸಂಗಮ, ಕೂಡಲಸಂಗಮದಂಥ ಕಡೆಯೂ ಇದೇ ಲೆಕ್ಕ.

ನೀರಿಗೆ ಇಳಿಯಬೇಡಿ. ನಿಮ್ಮ ಭಾಗದ ಕೃಷ್ಣೆಯಲ್ಲಿ ಮೊಸಳೆಗಳಿವೆ, ಮಳೆಗಾಲದಲ್ಲಿ ಹಿಪ್ಪರಗಿ ಬ್ಯಾರೇಜಿನ ಗೇಟು ತೆರೆದರೆ ನೀರು ಏರುವುದೂ ಬೇಗ.

ಪ್ರಶ್ನೆ: ಬೇಸಿಗೆಯಲ್ಲಿ ಹಿನ್ನೀರು ಪಾಚಿಗಟ್ಟಿ ಹಸಿರಾಗುತ್ತದೆ. ಹಸಿರು ಜಿಗ್ ಹಾಕಿದರೆ ಮೀನಿಗೆ ಸಹಜವಾಗಿ ಕಾಣುತ್ತದೆ ಎನ್ನುತ್ತಾರೆ. ನಿಜವೇ? ರೋಹು, ಕಾಟ್ಲಾ ಜಿಗ್ಗಿಗೆ ಬರುತ್ತವೆಯೇ? (ಬಾಗಲಕೋಟೆ)

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರ: ಬರುವುದಿಲ್ಲ ಎಂದೇ ಇಟ್ಟುಕೊಳ್ಳಿ. ಅವು ಬೇಟೆಯ ಮೀನುಗಳಲ್ಲ, ಹಿಟ್ಟಿನ ಉಂಡೆಗೆ ಬರುವಂಥವು. ಜಿಗ್ ಇಟ್ಟುಕೊಳ್ಳುವುದು ಹಾವಿನಂಥ ತಲೆಯ ಮುರಲ್, ಬಾಳೆ ಮೀನು, ಸಣ್ಣ ಗಾತ್ರದ್ದಾದರೆ ಜಿಲೇಬಿ ಮೀನಿಗೆ.

ಪಾಚಿ ನೀರಲ್ಲಿ ಎಲ್ಲ ಕಡೆಯೂ ಹಸಿರು ಬೆಳಕೇ. ಹಸಿರು ಜಿಗ್ ಆ ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ. ಕಪ್ಪು ಅಥವಾ ಬಿಳಿ ಹಾಕಿ. ಮುರಲ್ ಜೊಂಡಿನ ನಡುವೆ ನಿಂತು ಮೇಲಕ್ಕೆ ನೋಡುವ ಮೀನು, ಗಾಳಿ ಕುಡಿಯಲು ಆಗಾಗ ಮೇಲೆ ಬರುತ್ತದೆ. ಅದಕ್ಕೆ ಕಾಣುವುದು ನಿಮ್ಮ ಜಿಗ್ಗಿನ ಅಥವಾ ರಬ್ಬರ್ ಕಪ್ಪೆಯ ಹೊಟ್ಟೆ ಮಾತ್ರ. ಕಪ್ಪೆಯ ಬೆನ್ನಿನ ಚಿತ್ತಾರ ನೋಡಿ ಹೆಚ್ಚು ದುಡ್ಡು ಕೊಡಬೇಡಿ, ತಿರುಗಿಸಿ ಹೊಟ್ಟೆ ನೋಡಿ. ಕೆಂಪು ಮರಿಗಳ ಗುಂಪು ಮೇಲ್ಮೈಯಲ್ಲಿ ಗುಳ್ಳೆ ಎಬ್ಬಿಸುತ್ತಿದ್ದರೆ ಕೆಳಗೆ ತಾಯಿ-ತಂದೆ ಕಾವಲಿವೆ ಎಂದು ತಿಳಿಯಿರಿ. ಅಲ್ಲಿ ದಯವಿಟ್ಟು ಗಾಳ ಹಾಕಬೇಡಿ. ಕಾವಲು ಹೋದರೆ ಮರಿಗಳೆಲ್ಲ ಬೇರೆ ಮೀನಿನ ಪಾಲು.

ಪ್ರಶ್ನೆ: ಮನೆಯಲ್ಲೇ ಜಿಗ್ ಮಾಡುತ್ತೇನೆ. ತಲೆಗೆ ಬಳಿದ ಫ್ಲೋರೊಸೆಂಟ್ ಬಣ್ಣ ಮಂಕಾಗಿ ಕಾಣುತ್ತದೆ, ಎರಡು ಸಲ ಕಲ್ಲಿಗೆ ಬಡಿದರೆ ಸಿಪ್ಪೆ ಏಳುತ್ತದೆ. ಕೋಳಿ ಪುಕ್ಕಕ್ಕೆ ಬಣ್ಣ ಹತ್ತುವುದೇ ಇಲ್ಲ. (ಇಂಡಿ, ವಿಜಯಪುರ ಜಿಲ್ಲೆ)

ಉತ್ತರ: ಮಂಕಾಗಲು ಕಾರಣ ಕೆಳಗಿನ ಸೀಸದ ಬೂದು. ಫ್ಲೋರೊಸೆಂಟ್ ಬಣ್ಣ ತೆಳುವಾದದ್ದು, ಅಡಿಯಲ್ಲಿ ಬಿಳಿ ಇಲ್ಲದಿದ್ದರೆ ಹೊಳೆಯದು. ಸಿಪ್ಪೆ ಏಳಲು ಕಾರಣ ಸೀಸದ ಮೇಲಿನ ಎಣ್ಣೆ ಪಸೆ ಮತ್ತು ಬೂಷ್ಟಿನಂಥ ಪದರ. ತಲೆಗಳನ್ನು ವಿನೆಗರ್‌ನಲ್ಲಿ ಕೆಲವು ನಿಮಿಷ ಅದ್ದಿ, ಸೋಪಿನಿಂದ ತೊಳೆದು, ಪೂರ್ತಿ ಒಣಗಿಸಿ. ಬಿಳಿ ಒಂದು ಕೋಟು, ಒಣಗಿದ ಮೇಲೆ ಫ್ಲೋರೊಸೆಂಟ್ ಎರಡು ತೆಳು ಕೋಟು, ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ಎರಡು ಕೋಟು. ಅವಸರದಿಂದ ಒಂದೇ ದಪ್ಪ ಕೋಟು ಹಾಕಿದರೆ ಮೇಲೆ ಒಣಗಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ, ಮೊದಲ ಪೆಟ್ಟಿಗೇ ಕಳಚುತ್ತದೆ. ಸೀಸ ಕರಗಿಸುವ ಪಾತ್ರೆ ಅಡುಗೆಗೆ ಮತ್ತೆ ಬಳಸಬೇಡಿ, ಕೆಲಸ ಬಯಲಲ್ಲಿ ಮಾಡಿ, ಮಕ್ಕಳನ್ನು ದೂರವಿಡಿ.

ಪುಕ್ಕಕ್ಕೆ ನೀವು ಹಾಕಿದ್ದು ಹತ್ತಿಬಟ್ಟೆಯ ಬಣ್ಣ ಇರಬೇಕು. ಪುಕ್ಕ ರೇಷ್ಮೆ, ಉಣ್ಣೆಯ ಹಾಗೆ ಪ್ರೋಟೀನ್. ಅದಕ್ಕೆ ರೇಷ್ಮೆಗೆ ಹಾಕುವ ಆ್ಯಸಿಡ್ ಬಣ್ಣವೇ ಬೇಕು. ಇಳಕಲ್ಲ ಕಡೆ ರೇಷ್ಮೆ ನೂಲಿಗೆ ಬಣ್ಣ ಕಟ್ಟುವವರನ್ನು ಕೇಳಿದರೆ ಚಿಟಿಕೆ ಸಿಕ್ಕೀತು, ನಿಮಗೆ ಬೇಕಿರುವುದೂ ಅಷ್ಟೇ. ಬಿಳಿ ಕೋಳಿಯ ತೊಡೆಯ ಮೆತ್ತನೆ ಪುಕ್ಕ 5 ಗ್ರಾಂ ತೆಗೆದುಕೊಂಡು ಶಾಂಪೂವಿನಲ್ಲಿ ತೊಳೆಯಿರಿ, ಜಿಡ್ಡಿದ್ದರೆ ಬಣ್ಣ ತೇಪೆತೇಪೆಯಾಗಿ ಹತ್ತುತ್ತದೆ. ಹಳೆಯ ಸ್ಟೀಲ್ ಡಬರಿಯಲ್ಲಿ ಒಂದು ಲೀಟರ್ ನೀರು, ಎರಡು ದೊಡ್ಡ ಚಮಚ ವಿನೆಗರ್, ಚಿಟಿಕೆ ಬಣ್ಣ ಹಾಕಿ. ಸಣ್ಣ ಉರಿಯಲ್ಲಿ, ಹಬೆ ಏಳುವಷ್ಟು ಬಿಸಿಯಲ್ಲಿ ಇಪ್ಪತ್ತರಿಂದ ಮೂವತ್ತು ನಿಮಿಷ ಇಡಿ. ಕುದಿಸಬೇಡಿ, ಕುದ್ದರೆ ಪುಕ್ಕದ ಎಳೆ ಮುರುಟಿ ನೀರಲ್ಲಿ ಉಸಿರಾಡಿದಂತೆ ಅಲುಗುವುದಿಲ್ಲ. ಒಣಗಿದ ಪುಕ್ಕ ನೋಡಿ ಬಣ್ಣ ತೀರ್ಮಾನಿಸುವುದೂ ತಪ್ಪು. ಒದ್ದೆಯಾದಾಗ ಅದು ಬಹಳ ಕಡುವಾಗುತ್ತದೆ. ಗಾಜಿನ ಲೋಟದ ನೀರಲ್ಲಿ ಮುಳುಗಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ.

ಪ್ರಶ್ನೆ: ರಾತ್ರಿ ಗಾಳಕ್ಕೆ ಫ್ಲೋರೊಸೆಂಟ್ ಜಿಗ್ ಹೊಳೆಯುವುದಲ್ಲವೇ? (ಗೋಕಾಕ)

ಉತ್ತರ: ಇಲ್ಲ. ಫ್ಲೋರೊಸೆಂಟ್ ಬಣ್ಣ ತನ್ನ ಮೇಲೆ ಬಿದ್ದ ಬೆಳಕನ್ನೇ ಬೇರೆ ಬಣ್ಣವಾಗಿ ಹೊರಬಿಡುತ್ತದೆ, ಕತ್ತಲಲ್ಲಿ ಅದು ಸತ್ತ ಹಾಗೆ. ಟಾರ್ಚ್ ಹಿಡಿದ ಮೇಲೂ ಸ್ವಲ್ಪ ಹೊತ್ತು ಮಿನುಗುವುದು ಗ್ಲೋ ಬಣ್ಣ, ಅದು ಬೇರೆಯೇ. ಅದೂ ಹೊತ್ತು ಕಳೆದಂತೆ ಮಂಕಾಗುತ್ತದೆ, ಆಗಾಗ ಟಾರ್ಚ್ ಹಿಡಿಯಬೇಕು. ಬೆಳದಿಂಗಳಿದ್ದರೆ ಕಪ್ಪು ಜಿಗ್ಗನ್ನು ಮೇಲ್ಮೈ ಹತ್ತಿರ ನಿಧಾನ ಎಳೆಯುವುದೇ ನಮಗೆ ಹೆಚ್ಚು ಸರಿ ಕಾಣುತ್ತದೆ. ಹಿಡಕಲ್ ಜಲಾಶಯಕ್ಕೆ ಹೋಗುವ ಯೋಚನೆ ಇದ್ದರೆ ಮೀನುಗಾರಿಕೆ ಇಲಾಖೆಯಲ್ಲಿ ಅನುಮತಿಯ ನಿಯಮವನ್ನು ಮೊದಲು ವಿಚಾರಿಸಿ.