ಮಾತ್ರೆ ಮುಗಿಸಿದ ಮೇಲೂ ಕ್ಲಮೈಡಿಯಾ ಮತ್ತೆ ಬರಬಹುದು

ಒಮ್ಮೆ ಕ್ಲಮೈಡಿಯಾ (ಲೈಂಗಿಕ ಸಂಪರ್ಕದಿಂದ ಹರಡುವ ಬ್ಯಾಕ್ಟೀರಿಯಾ ಸೋಂಕು) ವಾಸಿಯಾದರೆ ಮತ್ತೆ ಬರುವುದಿಲ್ಲ ಅಲ್ವಾ, ಲಸಿಕೆ ಇದೆಯಾ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ನಂಬಿ ಸುಮ್ನೆ ಕೂರಬೇಡಿ, ಮತ್ತೆ ಬರಬಹುದು. ಈ ಬ್ಯಾಕ್ಟೀರಿಯಾ ನಮ್ಮ ಜೀವಕೋಶದ ಒಳಗೇ ಒಂದು ಗುಳ್ಳೆ ಮಾಡಿಕೊಂಡು, ಅದರಲ್ಲಿ ಅಡಗಿ ಬೆಳೆಯುತ್ತದೆ. ಒಳಗೆ ಸೇರಿದ ಮೇಲೆ, ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳ ಕೈಗೆ ಸಿಗುವುದಿಲ್ಲ. ಅದನ್ನು ಎದುರಿಸಲು ಟಿ ಕೋಶಗಳೂ (ಸೋಂಕು ತಗುಲಿದ ಜೀವಕೋಶಗಳನ್ನು ಗುರುತಿಸಿ ಹೋರಾಡುವ ಬಿಳಿ ರಕ್ತಕಣಗಳು) ಬೇಕು. ಸೋಂಕಿನಿಂದ ಸಿಗುವ ರಕ್ಷಣೆ ಅರೆಬರೆ, ಜಾಸ್ತಿ ದಿನ ಉಳಿಯುವುದೂ ಇಲ್ಲ.

ಮನುಷ್ಯರಿಗೆ ಇನ್ನೂ ಲಸಿಕೆ ಬಂದಿಲ್ಲ. ಲಂಡನ್ನಿನಲ್ಲಿ 35 ಮಹಿಳೆಯರ ಮೇಲೆ ನಡೆದ ಒಂದು ಲಸಿಕೆಯ ಮೊದಲ ಹಂತದ ಪ್ರಯೋಗದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಲಸಿಕೆ ಪಡೆದ ಎಲ್ಲರಲ್ಲೂ ಪ್ರತಿಕಾಯ ಮೂಡಿತ್ತು. ಸೋಂಕು ತಡೆಯುತ್ತದೆಯೇ ಎಂದು ಅದರಲ್ಲಿ ನೋಡಿರಲಿಲ್ಲ.

ನಿಮ್ಮ ಸಂಗಾತಿಗೂ ಚಿಕಿತ್ಸೆ ಕೊಡಿಸಿ. ಮೂರು ತಿಂಗಳಿಗೆ ಮತ್ತೆ ಪರೀಕ್ಷೆ ಮಾಡಿಸಿ.