ಮಾವ ಅರ್ಧಕ್ಕೇ ಎದ್ದು ಹೋದ ಸಿನಿಮಾ

ಕೊಡಗಿನ ಸುಂಟಿಕೊಪ್ಪದ ಓದುಗರೊಬ್ಬರು ಬರೆದಿದ್ದಾರೆ: ‘ಮಳೆಗೆ ಶಾಲೆಗೆ ರಜೆ ಕೊಟ್ಟ ದಿನ ಮನೆಯವರೆಲ್ಲ ಕೂತು ಒಂದು ಆನಿಮೇಷನ್ ಸಿನಿಮಾ ನೋಡಿದೆವು. ಹಾರಲು ಬಾರದ ಪುಟ್ಟ ಹಕ್ಕಿ ಬಿದ್ದು ಬಿದ್ದು ಕೊನೆಗೆ ಹಾರುತ್ತದೆ. ನನ್ನ ಮಗನ ಕಣ್ಣಲ್ಲಿ ನೀರು. ಮಾವ ಮಾತ್ರ ಅರ್ಧಕ್ಕೇ ಎದ್ದು ಹೋದರು. ಗೊಂಬೆ ನೋಡಿದರೆ ಛಲ ಬರುತ್ತಾ, ತೋಟಕ್ಕೆ ಕಳಿಸು ಅಂದರು. ಯಾರು ಸರಿ?’

ಮಾವ ಸರಿ ಅಂತ ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಅವರು ಪತ್ರಿಕೆ ತರಿಸುವುದನ್ನೇ ನಿಲ್ಲಿಸಿಯಾರು. ಕಾಫಿ ಗಿಡ ನೆಟ್ಟು ಮೂರು ನಾಲ್ಕು ವರ್ಷ ಫಸಲಿಲ್ಲದೆ ಕಾದವರು, ಮಾರ್ಚ್ ಬಂದರೆ ಕಾಫಿ ಹೂ ಅರಳಿಸುವ ಹೂಮಳೆಗಾಗಿ ಆಕಾಶ ನೋಡುತ್ತಾ ಕೂತವರು. ನಿಮ್ಮ ಪಕ್ಕದ ಮಾದಾಪುರದ ರೋಹನ್ ಬೋಪಣ್ಣ 2003ರಲ್ಲಿ ವೃತ್ತಿ ಟೆನಿಸ್‌ಗೆ ಇಳಿದವರು. ಪುರುಷರ ಡಬಲ್ಸ್‌ನಲ್ಲಿ ಮೊದಲ ಗ್ರ್ಯಾನ್‌ಸ್ಲಾಮ್ ಕೈಗೆ ಬಂದದ್ದು 2024ರಲ್ಲಿ, 43ನೇ ವಯಸ್ಸಿಗೆ. ಅಷ್ಟು ವರ್ಷವನ್ನು ಸಿನಿಮಾದವರು ಒಂದು ಹಾಡಿನಲ್ಲಿ ಮುಗಿಸುತ್ತಾರೆ. ಮಾವನಿಗೆ ಸಿಟ್ಟು ಬರದೆ ಇನ್ನೇನು?

ಆದರೆ ‘ಗೊಂಬೆ’ ಅಂದದ್ದು ನನಗೆ ಚುಚ್ಚಿತು.

ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಫ್ರೇಮ್, ಅಂದರೆ 24 ನಿಶ್ಚಲ ಚಿತ್ರ. 1937ರಲ್ಲಿ ಡಿಸ್ನಿ ತೆಗೆದ ‘ಸ್ನೋವೈಟ್’ 83 ನಿಮಿಷದ್ದು. ಲೆಕ್ಕ ಹಾಕಿ, ಸುಮಾರು 1.2 ಲಕ್ಷ ಫ್ರೇಮ್. ಒಂದೇ ಚಿತ್ರವನ್ನು ಎರಡೆರಡು ಫ್ರೇಮಿಗೆ ಹಿಡಿದು ಕೆಲಸ ಉಳಿಸಿದರೂ ಅರ್ಧ ಲಕ್ಷದ ಮೇಲೆ ಉಳಿಯಿತು. ಅದೆಲ್ಲ ಕೈಯಲ್ಲೇ: ಮೊದಲು ಪೆನ್ಸಿಲ್, ಆಮೇಲೆ ಇಂಕು, ಆಮೇಲೆ ಬಣ್ಣ. ಸಿನಿಮಾ ಮುಗಿಯುವ ತನಕ ಹಾಲಿವುಡ್ ಅದನ್ನು ‘ಡಿಸ್ನಿಯ ಹುಚ್ಚು’ ಅಂತಲೇ ಕರೆಯುತ್ತಿತ್ತು.

ಕಂಪ್ಯೂಟರ್ ಬಂದ ಮೇಲೆ ಸುಲಭವಾಯಿತು ಅಂದುಕೊಂಡಿರಾ? 1998ರಲ್ಲಿ ‘ಟಾಯ್ ಸ್ಟೋರಿ 2’ ತಯಾರಾಗುತ್ತಿದ್ದಾಗ ಯಾರೋ ಒಂದು ತಪ್ಪು ಕಮಾಂಡ್ ಒತ್ತಿದರು. ಕಣ್ಣೆದುರೇ ಪಾತ್ರಗಳು ಒಂದೊಂದಾಗಿ ಮಾಯ. ಬ್ಯಾಕಪ್ ನೋಡಿದರೆ ಅದೂ ಕೈಕೊಟ್ಟಿತ್ತು. ಆಗಷ್ಟೇ ಮಗು ಹೆತ್ತು ಮನೆಯಿಂದಲೇ ಕೆಲಸ ಮಾಡುತ್ತಿದ್ದ ತಾಂತ್ರಿಕ ನಿರ್ದೇಶಕಿಯ ಕಂಪ್ಯೂಟರ್‌ನಲ್ಲಿ ಒಂದು ಪ್ರತಿ ಇತ್ತು. ಅದನ್ನು ಕಂಬಳಿಯಲ್ಲಿ ಸುತ್ತಿ, ಹಸುಗೂಸಿನ ಹಾಗೆ ಕಾರಿನಲ್ಲಿ ತಂದರು. ಸಿನಿಮಾ ಉಳಿಯಿತು. ನನಗೆ ಇಷ್ಟವಾದದ್ದು ಅದರ ಮುಂದಿನದು. ಹಾಗೆ ಉಳಿಸಿಕೊಂಡ ಕಥೆ ಅವರಿಗೇ ಹಿಡಿಸಲಿಲ್ಲ. ಬಹುಪಾಲು ಬದಿಗೆ ತಳ್ಳಿ, ಒಂಬತ್ತೇ ತಿಂಗಳಲ್ಲಿ ಮತ್ತೆ ಮಾಡಿದರು. ನಿಮ್ಮ ಹಕ್ಕಿಗಿಂತ ಜಾಸ್ತಿ ಸಲ ಬಿದ್ದವರು ಅದನ್ನು ಬರೆದವರೇ, ಅಲ್ವಾ? ಮುಂದಿನ ಸಲ ಕೊನೆಯಲ್ಲಿ ಹೆಸರುಗಳು ಏರುವಾಗ ಟಿವಿ ಆರಿಸಬೇಡಿ.

ಇನ್ನು ನಿಮ್ಮದೊಂದು ತಪ್ಪು. ಸಿನಿಮಾ ಯಾವ ಭಾಷೆಯಲ್ಲಿ ಹಾಕಿದಿರಿ? ಪತ್ರದ ಮೂಲೆಯಲ್ಲಿ ಸಣ್ಣದಾಗಿ ಬರೆದಿದ್ದೀರಿ: ಇಂಗ್ಲಿಷ್. ಒಂದು ಮಾತೂ ತಿಳಿಯದ ಮನುಷ್ಯ ಅರ್ಧ ಗಂಟೆ ಕೂತದ್ದೇ ದೊಡ್ಡದು! ಕನ್ನಡದಲ್ಲಿ ಸಿಗಲಿಲ್ಲ ಅಂತೀರಿ. ಅದು ನಿಜ, ಅದೇ ನನ್ನ ಹಳೇ ಹೊಟ್ಟೆಯುರಿ. ಕನ್ನಡ ಉಳಿಸುತ್ತೇವೆ ಅಂತ ದಶಕಗಟ್ಟಲೆ ಡಬ್ಬಿಂಗ್‌ಗೆ ಬಾಗಿಲು ಹಾಕಿದೆವು. ಹಾಗೆ ತಡೆಯುವುದು ಸರಿಯಲ್ಲ ಅಂತ, ವ್ಯಾಪಾರದಲ್ಲಿ ಪೈಪೋಟಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಕೇಂದ್ರದ ಸ್ಪರ್ಧಾ ಆಯೋಗ ಹೇಳಲು 2015 ಬರಬೇಕಾಯಿತು. ಅಷ್ಟರಲ್ಲಿ ಮಕ್ಕಳು ನಗುವುದನ್ನೂ ಅಳುವುದನ್ನೂ ಬೇರೆ ಭಾಷೆಯಲ್ಲಿ ಕಲಿತಾಗಿತ್ತು. ಚಿಂಟು ಟಿವಿಯಲ್ಲಿ ಕಾರ್ಟೂನುಗಳು ಕನ್ನಡ ಮಾತಾಡಿದವು, ಆಕಾಶವೇನೂ ಕಳಚಿ ಬೀಳಲಿಲ್ಲ. ನಮ್ಮಲ್ಲಿ ಮನೆಮಾತು ಕೊಡವ ತಕ್ಕ್ ಇರಲಿ, ಅರೆಭಾಷೆ ಇರಲಿ, ಸಿನಿಮಾ ಕನ್ನಡದಲ್ಲಿದ್ದರೆ ಅಜ್ಜ ಮೊಮ್ಮಗ ಒಟ್ಟಿಗೆ ಕೂರುತ್ತಾರೆ.

ನಾನೂ ಒಂದು ಸಿನಿಮಾ ಮಾಡಿದ್ದೆ. ಏಳನೇ ಕ್ಲಾಸು, ಆಷಾಢದ ಮಳೆ, ಕರೆಂಟಿಲ್ಲ. ಗಣಿತದ ನೋಟ್‌ಬುಕ್ಕಿನ ಮೂಲೆಯಲ್ಲಿ ಹಾಕಿ ಆಡುವ ಹುಡುಗನೊಬ್ಬ, ಪುಟಕ್ಕೊಂದರಂತೆ. ಪುಟ ಸರಸರ ಬಿಟ್ಟರೆ ಅವನು ಓಡಿ ಬಂದು ಚೆಂಡು ಹೊಡೆಯಬೇಕು. ಥಂಡಿಗೆ ಹಾಳೆ ಉಬ್ಬಿ ಒಂದಕ್ಕೊಂದು ಅಂಟಿಕೊಂಡವು, ಹುಡುಗ ನಡುವೆಯೇ ನಿಂತುಬಿಟ್ಟ. ಮೇಷ್ಟ್ರ ಕಣ್ಣಿಗೆ ಬಿತ್ತು. ಹರಿದರು. ಚೆಂಡು ಗೋಲಿಗೆ ಹೋಗಲು ಇನ್ನೂ ಆರು ಪುಟ ಇತ್ತು.

ನಿಮ್ಮ ಮಗನನ್ನು ತೋಟಕ್ಕೂ ಕಳಿಸಿ. ವಾಪಸು ಬಂದ ಮೇಲೆ ಒಂದು ಹಳೇ ನೋಟ್‌ಬುಕ್ ಕೊಡಿ, ಹಕ್ಕಿ ಹಾರಿಸಲಿ. ಪೆನ್ಸಿಲ್ಲೇ ಇರಲಿ. ಈ ಮಳೆಯಲ್ಲಿ ಇಂಕು ಹರಡುತ್ತದೆ.

— ಸಂ.